ಕತ್ತಿಯೊಳಗಿನ ಸೌಟು

ಸಿನಿಮಾ ಮುಗಿದು ಜನ ಹೊರಗೆ ಬರುವಾಗ ಚಿತ್ರಮಂದಿರದ ಬಾಗಿಲ ಪಕ್ಕ ನಡುವಯಸ್ಸಿನ ಮನುಷ್ಯನೊಬ್ಬ ಬಗ್ಗಿ ಶೂ ಲೇಸು ಕಟ್ಟಿಕೊಳ್ಳುತ್ತಿದ್ದರೆ ದಯವಿಟ್ಟು ಎಡವಿ ಬಯ್ಯಬೇಡಿ. ಅವನು ಸದ್ದಣ್ಣ. ಅವನ ಲೇಸು ಬಿಚ್ಚಿರುವುದಿಲ್ಲ. ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ ಅದರ ತುದಿ ಹಳೇ ಪೊರಕೆಯ ಹಾಗಾಗಿದೆ. ಅವನು ಅಲ್ಲಿ ಬಗ್ಗಿರುವುದು ನೀವು ಸಿನಿಮಾದ ಬಗ್ಗೆ ಏನು ಮಾತಾಡಿಕೊಂಡು ಹೋಗುತ್ತೀರಿ ಎಂದು ಕೇಳಿಸಿಕೊಳ್ಳಲು.

ಸದ್ದಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಸ್ಟುಡಿಯೋದವರು ಇಟ್ಟದ್ದು. ಸಿನಿಮಾಗಳಿಗೆ ಸದ್ದು ಮಾಡುವುದು ಅವನ ಹೊಟ್ಟೆಪಾಡು. ತೆರೆಯ ಮೇಲೆ ಕುದುರೆ ಓಡಿದರೆ ನಿಮಗೆ ಕೇಳುವುದು ಅವನ ಕೈಯ ಎರಡು ತೆಂಗಿನ ಚಿಪ್ಪು. ಖಳನಾಯಕನ ಪಕ್ಕೆಲುಬು ಮುರಿದರೆ ಅದು ಮೂಲಂಗಿ. ನಾಯಕ ನಾಯಕಿಗೆ ಮುತ್ತಿಟ್ಟಾಗ ಕೇಳುವುದು ಸದ್ದಣ್ಣ ತನ್ನ ಮುಂಗೈಗೆ ತಾನೇ ಇಟ್ಟುಕೊಂಡ ಮುತ್ತು. ಆ ಮುಂಗೈಗೆ ಎಷ್ಟು ಜನ ಹುಡುಗಿಯರು ನಿಟ್ಟುಸಿರು ಬಿಟ್ಟಿದ್ದಾರೋ ದೇವರೇ ಬಲ್ಲ. ಅವನ ಕೋಣೆ ಸ್ಟುಡಿಯೋದ ಹಿಂಭಾಗದಲ್ಲಿತ್ತು. ಅಲ್ಲಿ ಗೋಡೆಯಿಲ್ಲದ ಬಾಗಿಲುಗಳು, ಎಲ್ಲಿಗೂ ಹತ್ತದ ಮೆಟ್ಟಿಲುಗಳು, ಜಲ್ಲಿ ತುಂಬಿದ ತಟ್ಟೆಗಳು, ಎಡಗಾಲಿನದು ಮಾತ್ರ ಉಳಿದ ಬೂಟುಗಳು. ಹೊಸದಾಗಿ ಬಂದವರು ಗುಜರಿ ಅಂಗಡಿಗೆ ಬಂದೆವೆಂದುಕೊಂಡು ಹಿಂದಕ್ಕೆ ಹೋಗುತ್ತಿದ್ದರು.

ಇಷ್ಟೆಲ್ಲ ಮಾಡಿಯೂ ಅವನಿಗೊಂದು ಕೊರಗು. ಇಷ್ಟು ವರ್ಷ ಬಾಗಿಲಲ್ಲಿ ಬಗ್ಗಿ ನಿಂತರೂ ಒಬ್ಬೇ ಒಬ್ಬ ಪ್ರೇಕ್ಷಕ ಸದ್ದಿನ ಬಗ್ಗೆ ಒಂದು ಮಾತು ಆಡಿರಲಿಲ್ಲ. ಹಾಡಿನ ಬಗ್ಗೆ ಆಡುತ್ತಿದ್ದರು, ನಾಯಕಿಯ ಮೂಗಿನ ಬಗ್ಗೆ ಆಡುತ್ತಿದ್ದರು, ಕುರ್ಚಿಯ ಸ್ಪ್ರಿಂಗು ಎಲ್ಲಿ ಚುಚ್ಚಿತು ಎಂಬುದರ ಬಗ್ಗೆ ರಸ್ತೆ ದಾಟುವವರೆಗೂ ಆಡುತ್ತಿದ್ದರು. ಕುರ್ಚಿಯ ಸ್ಪ್ರಿಂಗಿಗೆ ಸಿಕ್ಕಿದ ಮರ್ಯಾದೆ ತನಗೆ ಸಿಗಲಿಲ್ಲವಲ್ಲ ಎಂದು ಸದ್ದಣ್ಣ ಬೆನ್ನು ನೆಟ್ಟಗೆ ಮಾಡಿಕೊಂಡು ಮನೆಗೆ ಹೋಗುತ್ತಿದ್ದ. ಚೆನ್ನಾಗಿ ಮಾಡಿದ ಸದ್ದು ಯಾರ ಗಮನಕ್ಕೂ ಬರಬಾರದು ಎಂಬುದು ಅವನ ಕಸುಬಿನ ಧರ್ಮ. ಅದು ಅವನಿಗೂ ಗೊತ್ತು. ಗೊತ್ತಿದ್ದ ಮಾತ್ರಕ್ಕೆ ಆಸೆ ಹೋಗುತ್ತದೆಯೇ?

ಮನೆಯಲ್ಲಂತೂ ಆ ಆಸೆಗೆ ಜಾಗವೇ ಇರಲಿಲ್ಲ, ಏಕೆಂದರೆ ಮನೆಯಲ್ಲಿ ಅತ್ತೆ ಇದ್ದರು. ಮನೆಯಳಿಯ ಎಂಬ ಮಾತು ನಮ್ಮಲ್ಲಿದೆ. ಮನೆಯತ್ತೆ ಎಂಬ ಮಾತು ಯಾಕಿಲ್ಲವೋ ಕಾಣೆ. ಗಂಡ ತೀರಿಕೊಂಡ ಮೇಲೆ ಅವರು ಒಂದು ಪೆಟ್ಟಿಗೆ ಪುಸ್ತಕ ಮತ್ತು ಒಂದು ಕಂಚಿನ ಸೌಟು ಹಿಡಿದುಕೊಂಡು ನಾಲ್ಕು ದಿನಕ್ಕೆಂದು ಮಗಳ ಮನೆಗೆ ಬಂದವರು, ಅಡುಗೆಮನೆಯನ್ನು ವಶಪಡಿಸಿಕೊಂಡು ಅಲ್ಲೇ ನೆಲೆ ನಿಂತರು. ಅಳಿಯನಿಗೆ ಬಹುವಚನದಲ್ಲಿ ಒಂದು ದಿನವೂ ಕೊರತೆ ಮಾಡಲಿಲ್ಲ. ಗೌರವದಲ್ಲಿ ಮಾತ್ರ ಮಾಡಿದರು. "ನಿಮ್ಮ ಅಳಿಯಂದಿರಿಗೆ ಏನು ಕೆಲಸ?" ಎಂದು ಯಾರಾದರೂ ಕೇಳಿದರೆ, "ಪಾತ್ರೆ ಬೀಳಿಸ್ತಾರೆ. ಸಂಬಳ ಕೊಡ್ತಾರೆ ಅದಕ್ಕೆ" ಎನ್ನುತ್ತಿದ್ದರು.

ಆ ಕಂಚಿನ ಸೌಟು ಅತ್ತೆಗೆ ಅವರ ತಾಯಿಯಿಂದ ಬಂದದ್ದು. ಕತ್ತಿನಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಅಡುಗೆ ಮುಗಿದ ಮೇಲೆ ಅವರು ಸೌಟನ್ನು ಪಾತ್ರೆಯ ಅಂಚಿಗೆ ಒಂದು ಸಲ ಬಡಿಯುತ್ತಿದ್ದರು. ಬೇರೆ ಸೌಟುಗಳು ಟಣ್ ಎಂದು ಸುಮ್ಮನಾಗುತ್ತವೆ. ಇದು ಆ ಬಿರುಕಿನ ದೆಸೆಯಿಂದ ಟಣ್ ಎಂದ ಮೇಲೂ ಬಹಳ ಹೊತ್ತು ಗುಂಯ್ ಎನ್ನುತ್ತಿತ್ತು, ಬೈದು ಮುಗಿಸಿದ ಮೇಲೂ ಗೊಣಗುವವರ ಹಾಗೆ. ಆ ಗುಂಯ್ ಅಡುಗೆಮನೆಯ ಗೋಡೆ ದಾಟಿ ಪಕ್ಕದ ಮನೆಯ ದರ್ಜಿಯಮ್ಮನಿಗೆ ಕೇಳುತ್ತಿತ್ತು. ಆಕೆ ಅರ್ಧ ಹೊಲಿದ ರವಿಕೆಯನ್ನೋ ಲಂಗವನ್ನೋ ಹೆಗಲ ಮೇಲೆ ಹಾಕಿಕೊಂಡು, ಸೂಜಿಯನ್ನು ಸೆರಗಿಗೆ ಸಿಕ್ಕಿಸಿಕೊಂಡು ಬರುತ್ತಿದ್ದಳು. ಅತ್ತೆ ಕನ್ನಡಕ ಹಾಕಿಕೊಂಡು ಓದುತ್ತಿದ್ದರು, ದರ್ಜಿಯಮ್ಮ ಗುಂಡಿ ಹಚ್ಚುತ್ತಾ ಕೇಳುತ್ತಿದ್ದಳು. ವರ್ಷಾನುಗಟ್ಟಲೆ ನಡೆದು ಬಂದ ಪದ್ಧತಿ.

ಓದುತ್ತಿದ್ದದ್ದು ಹೆಚ್ಚಾಗಿ ಒಂದೇ ಪುಸ್ತಕ. ಅಜ್ಜಂದಿರ ಕಾಲದಿಂದ ಎಲ್ಲರೂ ಓದಿಕೊಂಡು ಬಂದ, ಮನೆಗೊಂದರಂತೆ ಇರುವ ಹಳೆಯ ಕಾದಂಬರಿ ಅದು. ನದಿ ದಾಟಿಸುವ ಅಂಬಿಗನೊಬ್ಬ ಗಡಿಪಾರಾದ ಮುದಿ ಗುರುವಿನಿಂದ ಕತ್ತಿವರಸೆ ಕಲಿಯುತ್ತಾನೆ. ಕೋಟೆಯ ಒಡೆಯ ಆ ಗುರುವನ್ನು ಕೊಲ್ಲಿಸುತ್ತಾನೆ. ಅಂಬಿಗ ಗುರುವಿನ ಬಿರುಕು ಬಿಟ್ಟ ಕತ್ತಿ ಹಿಡಿದು ಒಡೆಯನನ್ನು ಎದುರಿಸುತ್ತಾನೆ. ಆ ಕತ್ತಿ ಬೇರೆ ಕತ್ತಿಗಳ ಹಾಗಲ್ಲ, ಹೊಡೆದ ಮೇಲೂ ಹೇಳುವುದು ಇನ್ನೂ ಉಳಿದಿದೆ ಎಂಬಂತೆ ಗುಂಯ್ಗುಡುತ್ತದೆ. ಕೊನೆಯ ಕಾಳಗದಲ್ಲಿ ಮುರಿಯುತ್ತದೆ. ಅಂಬಿಗ ಗೆದ್ದು, ತುಂಡುಗಳನ್ನು ಅಲ್ಲೇ ಬಿಟ್ಟು, ದೋಣಿಗೆ ವಾಪಸಾಗುತ್ತಾನೆ. ಆ ಕೊನೆಯ ಅಧ್ಯಾಯ ಬಂದಾಗ ದರ್ಜಿಯಮ್ಮನ ಕಣ್ಣಲ್ಲಿ ನೀರು ತುಂಬಿ ಗುಂಡಿಗಳು ಸೊಟ್ಟಗೆ ಕೂರುತ್ತಿದ್ದವು. ಊರಿನ ಎಷ್ಟೋ ಜನರ ಅಂಗಿ ಈ ಕಾದಂಬರಿಯಿಂದ ಕೆಟ್ಟಿದೆ.

ಇಂಥ ಪುಸ್ತಕ ಸಿನಿಮಾ ಆಗುತ್ತದೆ ಎಂದರೆ ಕೇಳಬೇಕೆ? ಸುದ್ದಿ ಬಂದ ದಿನ ಅತ್ತೆ ಹೆಂಗಸರಿಬ್ಬರ ಪರವಾಗಿ ತೀರ್ಪು ಕೊಟ್ಟುಬಿಟ್ಟರು. "ಹಾಳು ಮಾಡ್ತಾರೆ."

ಮಾಡಿದರು ಕೂಡ. ನಿರ್ದೇಶಕ ಎಳೆಯ ವಯಸ್ಸಿನವನು. ಪುಸ್ತಕ ಓದಿದ್ದೀರಾ ಎಂದರೆ, "ಅದರ ಸಾರಾಂಶ ನನಗೆ ಬಾಯಿಪಾಠ" ಎನ್ನುತ್ತಿದ್ದ. ಅವನ ಸಿನಿಮಾದಲ್ಲಿ ಅಂಬಿಗ ದೋಣಿಗಿಂತ ಹೆಚ್ಚು ಕುದುರೆಯ ಮೇಲಿದ್ದ. ಆ ಕುದುರೆ ಹೊತ್ತಿ ಉರಿಯುವ ಸೇತುವೆಯ ಮೇಲಿಂದ ನದಿಯನ್ನೇ ಹಾರುತ್ತಿತ್ತು. ಕುದುರೆ ನದಿ ಹಾರುವುದಾದರೆ ಅಂಬಿಗನಿಗೆ ಮಾಡಲು ಏನು ಕೆಲಸ ಎಂದು ಯಾರೂ ಕೇಳಲಿಲ್ಲ. ಸದ್ದಣ್ಣನೂ ಕೇಳಲಿಲ್ಲ, ತೆಂಗಿನ ಚಿಪ್ಪು ಕುಟ್ಟಿದ.

ಅವನಿಗೆ ತಲೆನೋವಾದದ್ದು ಆ ಬಿರುಕು ಕತ್ತಿ. ಚಿತ್ರೀಕರಣದ ಕತ್ತಿಗಳು ಮರದವು, ಬಳಿದದ್ದು ಬೆಳ್ಳಿ ಬಣ್ಣ. ಒಂದಕ್ಕೊಂದು ತಾಗಿದರೆ ಬಾಗಿಲು ತಟ್ಟಿದ ಹಾಗೆ ಕೇಳುತ್ತಿತ್ತು. ಉಳಿದವರ ಕತ್ತಿಗಳಿಗೆ ಹಳೇ ಕಬ್ಬಿಣದ ಪಟ್ಟಿ ಸಾಕಾಯಿತು. ಅಂಬಿಗನ ಕತ್ತಿಗೆ ಮಾತ್ರ ಯಾವುದೂ ಹೊಂದಲಿಲ್ಲ. ಗರಗಸ ಬಡಿದ, ಇಕ್ಕಳ ಬಡಿದ, ಕಾರಿನ ಸ್ಪ್ರಿಂಗು ಬಡಿದ. "ಇದು ಕತ್ತಿಯಲ್ಲ ಸದ್ದಣ್ಣ, ಗ್ಯಾರೇಜು" ಎಂದ ನಿರ್ದೇಶಕ. ಸದ್ದಣ್ಣ ಮುಖ ಸಪ್ಪಗೆ ಮಾಡಿಕೊಂಡು ಮನೆಗೆ ಬಂದು ಊಟಕ್ಕೆ ಕೂತ. ಒಳಗಡೆ ಅತ್ತೆ ಸೌಟನ್ನು ಪಾತ್ರೆಯಂಚಿಗೆ ಬಡಿದರು.

ಟಣ್. ಗುಂಯ್.

ಕಂಕುಳಲ್ಲಿ ಕೂಸು, ಊರೆಲ್ಲ ಹುಡುಕಾಟ! ದಿನಾ ಕೇಳುತ್ತಿದ್ದ ಸದ್ದು, ಮೂಗಿನ ಕೆಳಗೇ ಇತ್ತು. ಅವನಿಗೆ ಊಟ ಸೇರಲಿಲ್ಲ.

ಕೇಳಿ ತೆಗೆದುಕೊಂಡು ಹೋಗಬಹುದಿತ್ತು. ಆದರೆ ಅತ್ತೆ ಆ ಸೌಟನ್ನು ಹೆತ್ತ ಮಗಳ ಕೈಗೇ ಕೊಡುತ್ತಿರಲಿಲ್ಲ, "ನಿನ್ನ ಕೈ ಒರಟು" ಎಂದು. ಒಮ್ಮೆ ಮಾತ್ರ, ನಾಲ್ಕು ಜನ ನೆಂಟರು ಬಂದಾಗ, ದರ್ಜಿಯಮ್ಮನಿಗೆ ಕೊಟ್ಟಿದ್ದರು. ಆಕೆ ತೊಳೆದು ಒರೆಸಿ ವಾಪಸು ತಂದುಕೊಟ್ಟಿದ್ದಳು. ಪಾತ್ರೆ ಬೀಳಿಸುವ ಅಳಿಯ ಕೇಳಿದರೆ ಏನು ಉತ್ತರ ಬರುತ್ತದೆಂದು ಸದ್ದಣ್ಣನಿಗೆ ಗೊತ್ತಿತ್ತು. ಹಾಗಾಗಿ ಮರುದಿನ ಅತ್ತೆ ಸ್ನಾನಕ್ಕೆ ಹೋದಾಗ ಸೌಟನ್ನು ಪಂಚೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡ. ಸಂಜೆಯೊಳಗೆ ತಂದು ಗೂಟಕ್ಕೆ ನೇತುಹಾಕಿದರೆ ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ ಎಂದುಕೊಂಡ.

ಕೋಲು ಮುರಿಯಿತು. ಕಾಳಗದ ದೃಶ್ಯವೆಲ್ಲ ಹೂವೆತ್ತಿದ ಹಾಗೆ ಆಯಿತು. ಸೌಟು ಕಬ್ಬಿಣದ ಪಟ್ಟಿಗೆ ತಾಗಿದಾಗಲೆಲ್ಲ ಗುಂಯ್ ಎನ್ನುತ್ತಿತ್ತು. ಗಾಜಿನಾಚೆ ನಿರ್ದೇಶಕ ಕುರ್ಚಿಯಿಂದ ಎದ್ದು ನಿಂತಿದ್ದ. ಕೊನೆಗೆ ಕತ್ತಿ ಮುರಿಯುವ ಘಳಿಗೆ. ಅದಕ್ಕೆಂದು ಸದ್ದಣ್ಣ ಬೇರೆ ತಗಡು ತೆಗೆದಿಟ್ಟುಕೊಂಡಿದ್ದ. ಆದರೆ ಮೈಮೇಲೆ ಅಂಬಿಗ ಬಂದಿದ್ದ. ಒಂದೇಟು ಹೆಚ್ಚು ಬಿಗಿಯಾಗಿ ಬಿತ್ತು. ಟಣ್ ಎಂದದ್ದು ಗುಂಯ್ ಎನ್ನಲಿಲ್ಲ. ಹಿಡಿ ಅವನ ಕೈಯಲ್ಲಿತ್ತು, ಬಟ್ಟಲು ಜಲ್ಲಿಯ ತಟ್ಟೆಯಲ್ಲಿ ಬಿದ್ದಿತ್ತು.

"ಅದ್ಭುತ!" ಎಂದ ನಿರ್ದೇಶಕ. "ನಿಜವಾಗ್ಲೂ ಏನೋ ಸತ್ತ ಹಾಗೆ ಕೇಳ್ತು. ಇದನ್ನೇ ಇಟ್ಕೊಳ್ಳೋಣ."

ಸದ್ದಣ್ಣ ಎರಡು ತುಂಡುಗಳನ್ನೂ ಪಂಚೆಯಲ್ಲಿ ಸುತ್ತಿ ಎಡಗಾಲಿನ ಬೂಟುಗಳ ಹಿಂದೆ ಬಚ್ಚಿಟ್ಟು, ಬರಿಗೈಯಲ್ಲಿ ಮನೆಗೆ ಹೋದ.

ಮನೆಯಲ್ಲಿ ಆಗಲೇ ಯುದ್ಧ ಶುರುವಾಗಿತ್ತು. ಅತ್ತೆ ಅಡುಗೆಮನೆಯನ್ನೆಲ್ಲ ಹೊರಗೆ ತೆಗೆದು ಹಾಕಿದ್ದರು. ಮಗಳನ್ನು ಕೇಳಿಯಾಗಿತ್ತು, ಅಳಿಯನನ್ನು ಕೇಳುವ ಯೋಚನೆಯೇ ಅವರಿಗೆ ಬರಲಿಲ್ಲ. ಅಳಿಯ ಅಡುಗೆಮನೆಗೆ ನೀರು ಕುಡಿಯಲೂ ಬರುವವನಲ್ಲ. ಉಳಿದವಳು ಒಬ್ಬಳೇ, ಹಿಂದೊಮ್ಮೆ ಸೌಟು ತೆಗೆದುಕೊಂಡು ಹೋಗಿದ್ದ ದರ್ಜಿಯಮ್ಮ. ಅವತ್ತು ಬೆಳಿಗ್ಗೆ ಬೇರೆ ಆಕೆ ಬಂದು ಹೋಗಿದ್ದಳು.

"ನೀನೇನಾದ್ರೂ ಮತ್ತೆ ತಗೊಂಡು ಹೋದ್ಯಾ?" ಎಂದು ಅತ್ತೆ ಕೇಳಿದರಂತೆ.

"ಕೇಳದೆ ತಗೊಂಡು ಹೋಗೋಳಾ ಅಕ್ಕಾ ನಾನು?" ಎಂದಳಂತೆ ಆಕೆ.

ಅಲ್ಲಿಗೆ ಬಿಡಬಹುದಿತ್ತು. ಅತ್ತೆ, "ಹಾಗಾದ್ರೆ ಕಾಲು ಬಂದು ನಡ್ಕೊಂಡು ಹೋಯ್ತಾ?" ಎಂದರು. ದರ್ಜಿಯಮ್ಮ ತನ್ನ ಮನೆಯ ಪಾತ್ರೆಪಡಗವನ್ನೆಲ್ಲ ತಂದು ಇವರ ಬಾಗಿಲ ಮುಂದೆ ಸುರಿದು, "ನೋಡ್ಕೊಳ್ಳಿ" ಎಂದಳು. ಅತ್ತೆ ಬಗ್ಗಿ ನೋಡಿಯೂ ಬಿಟ್ಟರು. ಅದೇ ಹೆಚ್ಚಾದದ್ದು. ಆಕೆ ಒಂದೊಂದೇ ಪಾತ್ರೆ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ.

ಸದ್ದಣ್ಣ ಕೋಣೆಯ ಬಾಗಿಲಲ್ಲಿ ನಿಂತು ಇದೆಲ್ಲವನ್ನೂ ಹೆಂಡತಿಯ ಬಾಯಲ್ಲಿ ಕೇಳಿದ. ಹೇಳಿಬಿಡಬೇಕು ಎಂದುಕೊಂಡ. ಅಷ್ಟರಲ್ಲಿ ಒಳಗಿನಿಂದ ಅತ್ತೆ, "ಅದನ್ನ ಮುಟ್ಟಿದ ಕೈ ಸೇದಿಹೋಗ" ಎಂದು ಶಾಪ ಹಾಕಿದರು. ಅವನು ಎರಡೂ ಕೈಗಳನ್ನು ಕಂಕುಳಲ್ಲಿ ಅವಿತಿಟ್ಟುಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ಹೆಂಡತಿ ಇಷ್ಟು ವರ್ಷ ಸುಮ್ಮನೆ ಸಂಸಾರ ಮಾಡಿರಲಿಲ್ಲ. ಅವಳು ಅವನ ಕೈ ನೋಡಿದಳು, ಮುಖ ನೋಡಿದಳು, ಬಾಗಿಲು ಮುಂದೆ ಮಾಡಿದಳು.

"ನೀವಾ?"

"ಮುರಿದೋಯ್ತು ಕಣೇ."

"ಅಯ್ಯೋ ದೇವರೇ. ಹೋಗಿ ಈಗ್ಲೇ ಹೇಳಿ. ದಿನ ಕಳೆದಷ್ಟೂ ಕಷ್ಟ."

"ನಾಳೆ ಹೇಳ್ತೀನಿ."

ಆ ನಾಳೆ ಬರಲಿಲ್ಲ. ಇದರಲ್ಲಿ ಸದ್ದಣ್ಣನ ಪರವಾಗಿ ಹೇಳುವುದೇನೂ ಇಲ್ಲ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿದ ಹಾಗಾಯಿತು, ಅಷ್ಟೇ. ಅವನು ಒಳ್ಳೆಯವನೇ, ಆದರೆ ಹೆದರಿದ ಒಳ್ಳೆಯವನಿಂದ ಆಗುವ ಅನ್ಯಾಯ ಕೆಟ್ಟವನಿಂದಲೂ ಆಗುವುದಿಲ್ಲ. ಓದು ನಿಂತಿತು. ಅತ್ತೆ ಸ್ಟೀಲಿನ ಸೌಟಿನಲ್ಲಿ ಅಡುಗೆ ಮಾಡಿ, ಅದನ್ನು ಎಲ್ಲಿಗೂ ಬಡಿಯದೆ ತೊಳೆಯಲು ಹಾಕುತ್ತಿದ್ದರು. ಪಕ್ಕದ ಮನೆಯ ಹೊಲಿಗೆ ಮಿಷಿನ್ನು ಮೊದಲಿಗಿಂತ ಜೋರಾಗಿ ಓಡುತ್ತಿತ್ತು. ಒಂದು ಗೋಡೆಯ ಈಚೆ ಒಬ್ಬರು, ಆಚೆ ಒಬ್ಬರು, ನಡುವೆ ಪುಸ್ತಕ ಕಪಾಟಿನಲ್ಲಿ. ಸದ್ದು ಮಾಡಿ ಬದುಕುವ ಮನುಷ್ಯನಿಗೆ ತನ್ನ ಮನೆಯಲ್ಲಿ ಇಲ್ಲದ ಆ ಒಂದು ಸದ್ದು ಕಿವಿಯಲ್ಲಿ ಕುಟುಕುತ್ತಿತ್ತು.

ತಿಂಗಳುಗಳಾದ ಮೇಲೆ ಸಿನಿಮಾ ಬಿಡುಗಡೆಯಾಯಿತು. ಮೊದಲ ದಿನವೇ ಸದ್ದಣ್ಣ ಬಾಗಿಲಲ್ಲಿ ಲೇಸು ಕಟ್ಟಿಕೊಳ್ಳಲು ಹಾಜರ್. ಅಭಿಪ್ರಾಯಗಳಿಗೆ ಬರವಿರಲಿಲ್ಲ. ಕನ್ನಡಕದ ಮಹನೀಯರೊಬ್ಬರು ಹೆಂಡತಿಗೆ ಹೇಳುತ್ತಾ ಬಂದರು: "ಕಾದಂಬರೀಲಿ ಅಂಬಿಗನಿಗೆ ಕುದುರೆ ಅಂದ್ರೆ ಭಯ. ಇವನು ಕುದುರೆ ಮೇಲೇ ಹುಟ್ಟಿದ ಹಾಗಿದಾನೆ." ಹೆಂಡತಿ, "ಮೀಸೆ ಮಾತ್ರ ಚೆನ್ನಾಗಿದೆ ಬಿಡಿ" ಎಂದಳು. ಕಾಲೇಜು ಹುಡುಗರಿಗೆ ಹೊಡೆದಾಟ ಸಾಲದೇ ಹೋಗಿತ್ತು, ಅವರ ಮೇಷ್ಟರಿಗೆ ಹೆಚ್ಚಾಗಿತ್ತು. ಒಬ್ಬ ಅಜ್ಜ ತಾನು ಚಿಕ್ಕಂದಿನಲ್ಲಿ ಓದಿದ್ದು ಈ ಪುಸ್ತಕವೇ ಅಲ್ಲವೇನೋ ಎಂದು ಮೊಮ್ಮಗಳನ್ನು ಕೇಳುತ್ತಿದ್ದ. ಒಬ್ಬಾತ ಎಲ್ಲರ ಪರವಾಗಿ ತೀರ್ಮಾನ ಹೇಳಿದ: "ಓದಿದವ್ರಿಗೆ ಇಷ್ಟ ಆಗಲ್ಲ, ಓದದವ್ರಿಗೆ ಅರ್ಥ ಆಗಲ್ಲ. ಆದ್ರೂ ಒಂದ್ಸಲ ನೋಡ್ಬಹುದು." ಅಡ್ಡಗೋಡೆಯ ಮೇಲೆ ದೀಪ ಇಡುವುದಕ್ಕೂ ಒಂದು ಮಿತಿ ಬೇಡವೇ?

ಕತ್ತಿಯ ಸದ್ದಿನ ಬಗ್ಗೆ ಒಬ್ಬರೂ ಉಸಿರೆತ್ತಲಿಲ್ಲ. ಒಂದು ಸೌಟು, ಒಂದು ಸ್ನೇಹ, ತನ್ನ ನೆಮ್ಮದಿ, ಮೂರನ್ನೂ ಮುರಿದು ಮಾಡಿದ ಸದ್ದು! ಸದ್ದಣ್ಣನಿಗೆ ಅಳು ಬರುವಷ್ಟು ಬೇಜಾರಾಯಿತು. ಜೊತೆಗೆ ಸ್ವಲ್ಪ ಸಮಾಧಾನವೂ ಆಯಿತು. ಯಾರಿಗೂ ಕೇಳಿಸಿಲ್ಲ ಎಂದರೆ ಅತ್ತೆಗೂ ಕೇಳಿಸಲಿಕ್ಕಿಲ್ಲ.

ಆದರೂ ಅತ್ತೆ ಸಿನಿಮಾಗೆ ಹೊರಟಾಗ ಅವನು ಕೈಲಾದ ಅಡ್ಡಿಯನ್ನೆಲ್ಲ ಮಾಡಿದ. "ತುಂಬಾ ಕೆಟ್ಟದಾಗಿದೆ ಅತ್ತೆ. ನಿಮಗೆ ಬೇಜಾರಾಗುತ್ತೆ."

"ಬೇಜಾರು ಮಾಡ್ಕೊಳ್ಳೋಕೇ ಹೋಗ್ತಿರೋದು. ನೋಡ್ದೆ ಹೇಗೆ ಬಯ್ಯೋದು?"

"ಕುರ್ಚಿ ಸ್ಪ್ರಿಂಗು ಚುಚ್ಚುತ್ತೆ."

"ನಿಮ್ಮ ಮನೇಲಿ ಇಷ್ಟು ವರ್ಷ ಇದ್ದೋಳಿಗೆ ಸ್ಪ್ರಿಂಗೇನು ಮಾಡುತ್ತೆ ಅಳಿಯಂದಿರೇ?"

ಹೆಂಡತಿ ಸೆರಗಿನ ಮರೆಯಲ್ಲಿ ನಕ್ಕಳು. ಆಮೇಲೆ ಅವನ ಕಿವಿಯ ಹತ್ತಿರ, "ಈಗಲಾದ್ರೂ ಹೇಳಿಬಿಡಿ" ಎಂದಳು. ಅವನು ತಲೆಯಾಡಿಸಿದ, ಹೇಳಲಿಲ್ಲ.

ಮೂವರೂ ಹೋಗಿ ಕೂತರು. ದೀಪ ಆರುವ ಮುಂಚೆ ಸದ್ದಣ್ಣ ನೋಡಿದ: ಎರಡು ಸಾಲು ಮುಂದೆ, ಒಬ್ಬಳೇ, ತೊಡೆಯ ಮೇಲೆ ಚೀಲ ಇಟ್ಟುಕೊಂಡು ದರ್ಜಿಯಮ್ಮ ಕೂತಿದ್ದಳು. ಅತ್ತೆಯೂ ನೋಡಿದರು. ನೋಡಿ, ಚಾವಣಿ ನೋಡಿದರು.

ಸಿನಿಮಾ ಶುರುವಾಯಿತು. ಅಂಬಿಗ ಕುದುರೆ ಹತ್ತಿದಾಗ ಅತ್ತೆ "ಥೂ" ಎಂದರು. ಕುದುರೆ ನದಿ ಹಾರಿದಾಗ ಕನ್ನಡಕ ತೆಗೆದು ಮಡಿಚಿ ಕೈಚೀಲಕ್ಕೆ ಹಾಕಿ ಕಣ್ಣು ಮುಚ್ಚಿಕೊಂಡರು. ಸದ್ದಣ್ಣನ ಎದೆ ಹಗುರಾಯಿತು. ನಿದ್ದೆ ಹೋದರೆ ಬಚಾವ್ ಎಂದುಕೊಂಡ. ಅವನಷ್ಟು ಪೆದ್ದ ಯಾರಿದ್ದಾರೆ? ಕಣ್ಣು ಮುಚ್ಚಿಕೊಂಡವರಿಗೆ ಕಿವಿ ಎರಡರಷ್ಟು ತೆರೆಯುತ್ತದೆ ಎಂಬುದನ್ನು ಅವನ ಕಸುಬಿನವನಿಗೆ ಬೇರೆಯವರು ಹೇಳಬೇಕಿತ್ತೆ?

ಕೊನೆಯ ಕಾಳಗ. ಕೋಟೆಯ ಮೆಟ್ಟಿಲು. ನಿರ್ದೇಶಕ ಅದೊಂದು ಕಡೆ ಮಾತ್ರ ಹಿನ್ನೆಲೆ ಸಂಗೀತ ನಿಲ್ಲಿಸಿದ್ದ. ಅಂಬಿಗ ಗುರುವಿನ ಕತ್ತಿ ಎತ್ತಿದ, ಒಡೆಯ ತಡೆದ.

ಟಣ್. ಗುಂಯ್.

ಆ ದೊಡ್ಡ ಕತ್ತಲೆಯ ನಾಲ್ಕೂ ಗೋಡೆಗಳಿಂದ ಆ ಗುಂಯ್ ಬಂತು. ಅತ್ತೆ ಕಣ್ಣು ಬಿಟ್ಟರು.

ಟಣ್. ಗುಂಯ್.

"ಅದು ನನ್ನ ಸೌಟು" ಎಂದರು ಮೆಲ್ಲಗೆ, ತಮಗೇ ಎಂಬಂತೆ. ಇನ್ನೊಂದು ಏಟು ಬಿತ್ತು. ಅವರು ಎದ್ದು ನಿಂತರು. "ಅದು ನನ್ನ ಸೌಟು!"

"ಕೂತ್ಕೊಳ್ಳಿ ಅಜ್ಜಿ" ಎಂದರು ಹಿಂದಿನವರು. ಯಾರೋ ಶಿಳ್ಳೆ ಹಾಕಿದರು. ಅಷ್ಟರಲ್ಲಿ ಎರಡು ಸಾಲು ಮುಂದೆ ದರ್ಜಿಯಮ್ಮನೂ ಎದ್ದಿದ್ದಳು. ಆಕೆಯ ಕಿವಿಗೂ ಅದು ಗೋಡೆಯಾಚೆಯಿಂದ ದಿನಾ ಕೇಳಿದ ಕರೆ. ತೆರೆಗೆ ಬೆನ್ನು ಮಾಡಿ, ಇವರ ಕಡೆ ತಿರುಗಿ ಕೂಗಿದಳು. "ಕೇಳಿಸ್ತಾ ಅಕ್ಕಾ? ನನ್ನ ಮನೇಲಿ ಇತ್ತಾ ಅದು?"

ಅತ್ತೆ ಉತ್ತರ ಹೇಳುವ ಮುಂಚೆ ತೆರೆಯ ಮೇಲೆ ಕತ್ತಿ ಮುರಿಯಿತು. ಟಣ್ ಎಂದದ್ದು ಗುಂಯ್ ಎನ್ನಲಿಲ್ಲ. ಅತ್ತೆಯ ಕೈ ಬಾಯಿಗೆ ಹೋಯಿತು. ಮುರಿದದ್ದು ಏನೆಂದು ಆ ಸಭಾಂಗಣದಲ್ಲಿ ಗೊತ್ತಾದದ್ದು ನಾಲ್ಕು ಜನಕ್ಕೆ. ಉಳಿದವರು ಅಂಬಿಗ ಗೆದ್ದನೆಂದು ಚಪ್ಪಾಳೆ ತಟ್ಟಿದರು.

ಜನ ಹೊರಟರು. ಅತ್ತೆ ಏಳಲಿಲ್ಲ. ತೆರೆಯ ಮೇಲೆ ಕೆಲಸ ಮಾಡಿದವರ ಹೆಸರುಗಳು ಮೇಲಕ್ಕೆ ಹೋಗುತ್ತಿದ್ದವು. ಸದ್ದಣ್ಣನ ಹೆಸರು ಯಾವಾಗಲೂ ಬರುವುದು ಖಾಲಿ ಕುರ್ಚಿಗಳಿಗೆ ಮತ್ತು ಕಸ ಗುಡಿಸುವವನಿಗೆ. ಇವತ್ತು ಅತ್ತೆ ಕನ್ನಡಕ ಹಾಕಿಕೊಂಡು ಒಂದೊಂದು ಸಾಲನ್ನೂ ಓದಿದರು. ಅಳಿಯನ ಹೆಸರು ಬಂತು, ಹೋಯಿತು. ಅವರು ಕೊನೆಯವರೆಗೂ ಓದಿದರು.

"ಸೌಟಿನ ಹೆಸರೇ ಹಾಕಿಲ್ಲ" ಎಂದರು.

ಸದ್ದಣ್ಣ ಬಾಯಿ ತೆರೆದ. ಎಲ್ಲ ಹೇಳಿದ. ಪಂಚೆ, ಜಲ್ಲಿಯ ತಟ್ಟೆ, ಬೂಟುಗಳ ಹಿಂದಿನ ತುಂಡುಗಳು, ನಾಳೆ ಹೇಳುತ್ತೇನೆ ಎಂದ ನಾಳೆಗಳು. ಗುಡಿಸುವವನು ಪೊರಕೆ ನಿಲ್ಲಿಸಿ ಕೇಳಿದ. ಈಗ ಮುಗಿದ ಸಿನಿಮಾಗಿಂತ ಇದರಲ್ಲಿ ಕಥೆ ಹೆಚ್ಚಿತ್ತು. ದರ್ಜಿಯಮ್ಮ ಬಂದು ಸಾಲಿನ ಕೊನೆಯಲ್ಲಿ ನಿಂತಿದ್ದಳು. ಆಕೆ ಅವನನ್ನು ಬಯ್ಯಲಿಲ್ಲ.

"ನಾನು ಪಾತ್ರೆ ಎಲ್ಲಾ ತಂದು ಬೀದೀಲಿ ಸುರಿದೆ. ಗೊತ್ತಿದ್ದೂ ಸುಮ್ನಿದ್ರಲ್ಲಾ" ಎಂದಳು, ಅಷ್ಟೇ.

ಸದ್ದಣ್ಣನಿಗೆ ನಾಚಿಕೆಯಾಯಿತು. ಇಷ್ಟು ವರ್ಷದಲ್ಲಿ ಅಷ್ಟು ನಾಚಿಕೆ ಅವನಿಗೆ ಯಾವತ್ತೂ ಆಗಿರಲಿಲ್ಲ. "ತಪ್ಪಾಯ್ತಮ್ಮಾ" ಎಂದ.

ಅತ್ತೆ ಎದ್ದು ಕುರ್ಚಿಗಳನ್ನು ಹಿಡಿದುಕೊಂಡು ಆಕೆಯ ಹತ್ತಿರ ಹೋದರು. ಅವರ ಬಾಯಿಗೆ ಆ ಮಾತು ಅಭ್ಯಾಸವಿರಲಿಲ್ಲ, ಎರಡು ಸಲ ಗಂಟಲು ಸರಿ ಮಾಡಿಕೊಂಡರು. "ನಾನು ಬಗ್ಗಿ ನೋಡ್ಬಾರ್ದಿತ್ತು ಕಣೇ" ಎಂದರು. ದರ್ಜಿಯಮ್ಮ ಚೀಲವನ್ನು ಹೆಗಲಿಗೆ ಹಾಕಿಕೊಂಡಳು. ಆಮೇಲೆ, "ಕುದುರೆ ನದಿ ಹಾರಿದ್ದು ನೋಡಿದ್ರಾ ಅಕ್ಕಾ?" ಎಂದಳು.

"ನೋಡ್ಲಿಲ್ಲ. ಕಣ್ಣು ಮುಚ್ಕೊಂಡೆ."

"ಪುಣ್ಯವಂತರು."

ಇಬ್ಬರೂ ಕೈಕೈ ಹಿಡಿದು ಅಂಬಿಗನನ್ನೂ ಅವನ ಕುದುರೆಯನ್ನೂ ಅದರ ಮಾಲೀಕರನ್ನೂ ಬಯ್ಯುತ್ತಾ ಹೊರಗೆ ನಡೆದರು. ಹೊರಗಡೆ ಮೈಕು ಹಿಡಿದ ಹುಡುಗಿಯೊಬ್ಬಳು ಪ್ರೇಕ್ಷಕರ ಅಭಿಪ್ರಾಯ ಕೇಳುತ್ತಿದ್ದಳು.

"ಅಜ್ಜಿ, ಸಿನಿಮಾ ಹೇಗಿತ್ತು? ಒಂದೇ ಮಾತಲ್ಲಿ ಹೇಳಿ."

"ಒಂದೇ ಮಾತಲ್ಲಾ? ದರಿದ್ರ."

"ಅಯ್ಯೋ! ಇಷ್ಟ ಆಗಿದ್ದು ಏನೂ ಇಲ್ವಾ?"

ಅತ್ತೆ ಯೋಚಿಸಿದರು. ಬಾಗಿಲ ಪಕ್ಕ ಸದ್ದಣ್ಣ ಅಭ್ಯಾಸಬಲದಿಂದ ಆಗಲೇ ಬಗ್ಗಿದ್ದ, ಲೇಸು ಕೈಯಲ್ಲಿತ್ತು.

"ಕತ್ತಿ ಸದ್ದು" ಎಂದರು ಅತ್ತೆ. "ಪುಸ್ತಕದಲ್ಲಿ ಇದ್ದ ಹಾಗೇ ಇದ್ದದ್ದು ಅದೊಂದೇ."

"ಅದನ್ನ ಯಾರು ಮಾಡಿದ್ದು ಗೊತ್ತಾ ಅಜ್ಜಿ?"

"ಗೊತ್ತಿಲ್ದೆ ಏನು? ನಮ್ಮ ಅಳಿಯಂದಿರು. ಕಳ್ಳರು."

ಕಳ್ಳ ಎನ್ನುವಾಗಲೂ ಬಹುವಚನ ಬಿಡಲಿಲ್ಲ, ಪುಣ್ಯಾತ್ಗಿತ್ತಿ. ಇಷ್ಟು ವರ್ಷ ಬಗ್ಗಿ ನಿಂತು ಕಾದ ಅಭಿಪ್ರಾಯ ಅಂತೂ ಬಂತು. ಸದ್ದಣ್ಣ ಎದ್ದು ನಿಲ್ಲಲಾಗದೆ ಲೇಸು ಬಿಚ್ಚಿದ, ಕಟ್ಟಿದ, ಮತ್ತೆ ಬಿಚ್ಚಿದ. ಹೆಂಡತಿ ಬಂದು ತೋಳು ಹಿಡಿದು ಎತ್ತಿದಳು.

ಮರುದಿನವೇ ಅವನು ತುಂಡುಗಳನ್ನು ಪಾತ್ರೆ ಬೆಸುಗೆ ಹಾಕುವವನ ಹತ್ತಿರ ತೆಗೆದುಕೊಂಡು ಹೋದ. ಬೆಸುಗೆಯವನು ಬಿರುಕನ್ನೂ ಸೇರಿಸಿ ಭದ್ರವಾಗಿ ಬೆಸೆದು, ಉಜ್ಜಿ ಫಳಫಳ ಮಾಡಿ ಕೊಟ್ಟ. ಅತ್ತೆ ತಿರುಗಿಸಿ ಮುರುಗಿಸಿ ನೋಡಿದರು. ಅಡುಗೆ ಮಾಡಿದರು. ಮುಗಿದ ಮೇಲೆ ಪಾತ್ರೆಯ ಅಂಚಿಗೆ ಬಡಿದರು. ದಪ್ ಎಂದಿತು. ಇನ್ನೊಮ್ಮೆ ಬಡಿದರು. ದಪ್. ಗೋಡೆಯ ಆಚೆಯಿಂದ ಯಾರೂ ಬರಲಿಲ್ಲ. ಅತ್ತೆ ಸೌಟನ್ನು ಗೂಟಕ್ಕೆ ಹಾಕಿ ತಾವೇ ಹೋಗಿ ದರ್ಜಿಯಮ್ಮನ ಬಾಗಿಲು ತಟ್ಟಿ ಕರೆದುಕೊಂಡು ಬಂದರು.

"ಬಡಿಸೋಕೆ ಸಾಕು ಬಿಡಿ" ಎಂದರು ಅಳಿಯನಿಗೆ. ಅವರು ಬಯ್ದಿದ್ದರೆ ಅವನಿಗೆ ಹಿತವಾಗುತ್ತಿತ್ತು. ಸ್ಟುಡಿಯೋದಿಂದ ಆ ಹಳೆಯ ಗುಂಯ್ ಸದ್ದನ್ನು ಮೊಬೈಲಿಗೆ ಹಾಕಿಸಿಕೊಂಡು ಬಂದು ಕೇಳಿಸಿದ. ಅತ್ತೆ ಕಿವಿಗೆ ಹಿಡಿದು, "ಇದ್ಯಾವುದೋ ಸೊಳ್ಳೆ" ಎಂದು ವಾಪಸು ಕೊಟ್ಟರು.

ಆ ವಾರ ಮಧ್ಯಾಹ್ನವಾದರೆ ಅತ್ತೆಯೂ ಇಲ್ಲ, ದರ್ಜಿಯಮ್ಮನೂ ಇಲ್ಲ. ಕೇಳಿದರೆ, "ಗುಂಡಿ ತರೋಕೆ ಹೋಗಿದ್ವಿ" ಎನ್ನುತ್ತಿದ್ದರು. ಒಂದು ಮಧ್ಯಾಹ್ನ ಸದ್ದಣ್ಣ ಎಂದಿನಂತೆ ಚಿತ್ರಮಂದಿರದ ಬಾಗಿಲಿಗೆ ಹೋದ. ಬೆಳಗಿನ ಆಟ ಬಿಟ್ಟಿತ್ತು, ಮುಂದಿನದು ಇನ್ನೂ ಶುರುವಾಗಿರಲಿಲ್ಲ. ಜನ ತೆಳ್ಳಗಿದ್ದರು, ಪ್ರೇಕ್ಷಕರ ಅಭಿಪ್ರಾಯ ಊರಲ್ಲಿ ಹಬ್ಬಿ ಸಿನಿಮಾ ಮಲಗುವ ಹಂತಕ್ಕೆ ಬಂದಿತ್ತು. ಅವನು ಬಗ್ಗುವಷ್ಟರಲ್ಲಿ ಪರಿಚಿತವಾದ ಎರಡು ಜೊತೆ ಚಪ್ಪಲಿಗಳು ಕಣ್ಣ ಮುಂದೆ ಹಾದುಹೋದವು. ಅವನು ತಲೆಯೆತ್ತಲಿಲ್ಲ.

ಟಿಕೆಟ್ ಹರಿಯುವವನಿಗೆ ಆಗಲೇ ಇವರ ಗುರುತು ಸಿಕ್ಕಿತ್ತು. "ಏನಜ್ಜಿ, ಮತ್ತೆ ಬಂದ್ರಾ? ದರಿದ್ರ ಅಂತ ನೀವೇ ಮೈಕಲ್ಲಿ ಹೇಳಿದ್ರಲ್ಲ?"

"ಈಗಲೂ ಅದೇ ಹೇಳ್ತೀನಿ" ಎಂದರು ಅತ್ತೆ, ಕನ್ನಡಕ ತೆಗೆದು ಮಡಿಚಿ ಕೈಚೀಲಕ್ಕೆ ಹಾಕುತ್ತಾ. "ನಾನು ನೋಡೋಕೆ ಬಂದಿದೀನಿ ಅಂತ ಯಾರು ಹೇಳಿದ್ರು?"